ಹರಸಿ, ಅರಸಿ

ಶಿಕಾರಿಪುರದ ನಮ್ಮ ಹವ್ಯಾಸಿ ನಾಟಕ ಸಂಘವನ್ನು ನಾವು ಕಲಾಸೇವೆ ಎಂದು ಕರೆಯುತ್ತಿದ್ದೆವು. ಸೇವೆಯೂ ಇಲ್ಲ, ಮಣ್ಣೂ ಇಲ್ಲ. ವರ್ಷಕ್ಕೊಂದು ರಾಜನ ನಾಟಕ, ಹಿಂದಿನ ವರ್ಷದ್ದೇ ಕಿರೀಟ, ರಾಣಿಯ ಪಾತ್ರಕ್ಕೆ ಹೊರಗಿನಿಂದ ಕರೆಸಿದ ಕಲಾವಿದೆ. ಆಮೇಲೆ ಮುಂದಿನ ನಾಟಕದ ತನಕ ಯಾರು ಎಲ್ಲಿ ತಪ್ಪಿದರೆಂದು ಹೋಟೆಲಿನಲ್ಲಿ ಕೂತು ಆಡಿಕೊಳ್ಳುವುದು. ನಮ್ಮ ಸಂಘ ಇಷ್ಟು ವರ್ಷ ಬಾಳಿದ್ದು ಈ ಆಡಿಕೊಳ್ಳುವುದರಿಂದಲೇ.

ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ನನಗೆ ನಾಟಕ ಬರೆಯುವ, ಕಲಿಸುವ, ಮರೆಯಲ್ಲಿ ನಿಂತು ಮಾತು ಎತ್ತಿಕೊಡುವ ಕೆಲಸ. ಪರದೆ ಎಳೆಯುವುದಕ್ಕೆ ಒಬ್ಬನಿದ್ದ, ಮಾರುಕಟ್ಟೆ ಯಾರ್ಡಿನ ಹಮಾಲಿ. ಇಪ್ಪತ್ತು ವರ್ಷ ಎಳೆದ. ಎಲ್ಲರ ಮಾತೂ ಅವನಿಗೆ ಬಾಯಿಪಾಠ. ರಂಗದ ಮೇಲೆ ತಾನೂ ಒಂದು ಮಾತು ಆಡಬೇಕೆಂಬುದೊಂದೇ ಅವನ ಆಸೆ. ಪಾತ್ರ ಹಂಚುವ ದಿನ ಪ್ರತಿ ವರ್ಷ ಕೇಳುತ್ತಿದ್ದ, ನಾವು ಪ್ರತಿ ವರ್ಷ ನಗುತ್ತಿದ್ದೆವು. ಅವನ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹಾಲು ಆಲಾಗುತ್ತಿತ್ತು, ಹೂವು ಊವಾಗುತ್ತಿತ್ತು.

"ಈ ಸಲನಾದ್ರೂ ಒಂದ್ ಮಾತು ಕೊಡ್ರಿ ಮೇಷ್ಟ್ರೇ. ಮಗಳು ಟೀಚರ್ ಆಗ್ಯಾಳೆ. ಅಪ್ಪ ಅಗ್ಗ ಎಳೆಯೋದನ್ನೇ ಎಷ್ಟ್ ವರ್ಷ ನೋಡ್ಬೇಕು ಅವ್ಳು?"

ಹಗ್ಗ ಅಗ್ಗವಾದದ್ದಕ್ಕೆ ನಾವು ಮತ್ತೊಂದು ಸಲ ನಕ್ಕೆವು.

ಆ ವರ್ಷ ಕೊಟ್ಟೆವು. ಕನಿಕರದಿಂದಲ್ಲ. ಯುದ್ಧಕ್ಕೆ ಹೊರಟ ಭಟನೊಬ್ಬ ರಾಜನ ಮುಂದೆ ಮಂಡಿಯೂರಿ "ಅರಸರೇ, ಆಶೀರ್ವದಿಸಿ ಕಳುಹಿಸಿ" ಎನ್ನಬೇಕಿತ್ತು. ನಾನು ಆಶೀರ್ವದಿಸಿ ಎಂಬುದನ್ನು ಹೊಡೆದು ಹರಸಿ ಎಂದು ಬರೆದೆ. ಅವನ ಬಾಯಲ್ಲಿ ಅದು "ಅರಸಿ ಕಳುಇಸಿ" ಆಗುತ್ತದೆ. ಭಟ ಬಂದು ರಾಜನಿಗೇ ರಾಣಿಯನ್ನು ಕಳಿಸು ಎಂದಂತೆ. ರಾಜನ ಪಾತ್ರ ಸಂಘದ ಅಧ್ಯಕ್ಷರಾದ ವಕೀಲರದು. ಅವರಿಗೆ ತೋರಿಸಿದೆ.

"ಭಾರಿ ಐತ್ರೀ ಇದು" ಎಂದು ಹೊಟ್ಟೆ ಹಿಡಿದುಕೊಂಡರು. ಎರಡೇ ದಿನದಲ್ಲಿ ಬಸ್ ಸ್ಟ್ಯಾಂಡಿನ ತನಕ ಸುದ್ದಿ ಹೋಯಿತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಇಲಿಗೆ ಸಂಕಟದ ಸುಳಿವೂ ಇರಲಿಲ್ಲ.

ತಾಲೀಮಿನಲ್ಲಿ ದಿನಾ ಅರಸಿ ಎನ್ನುತ್ತಿದ್ದ. ಮಕ್ಕಳ ಹಕಾರ ತಿದ್ದಿಯೇ ಸಂಬಳ ತಿಂದ ನಾನು "ಭೇಷ್" ಎನ್ನುತ್ತಿದ್ದೆ. ಆದರೆ ಅವನ ಮನೆಯಲ್ಲಿ ಮಗಳು ಕೇಳಿಸಿಕೊಂಡಳು. ಅಪ್ಪನ ಬಾಯಿಯ ಮುಂದೆ ಅಂಗೈ ಹಿಡಿದು, ಬಿಸಿ ಉಸಿರು ತಾಗುವ ತನಕ ಹ ಹೇಳಿಸಿದಳಂತೆ. ಒಂದು ತಿಂಗಳು, ನಾಟಕದ ಹಿಂದಿನ ರಾತ್ರಿಯ ತನಕ. ಇದು ನನಗೆ ಗೊತ್ತಾದದ್ದು ಆಮೇಲೆ.

ನಾಟಕದ ಸಂಜೆ ಸೊರಬದಿಂದಲೂ ಜನ ಬಂದಿದ್ದರು. ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವನು ಬಂದ, ಮಂಡಿಯೂರಿದ.

"ಅರಸರೇ, ಹರಸಿ ಕಳುಹಿಸಿ."

ಸ್ವಚ್ಛವಾಗಿ ಹೇಳಿದ. ನಾನು ಎರಡು ಮಾರು ದೂರದಲ್ಲಿದ್ದೆ. ಅಷ್ಟು ತುಂಬಿದ ಹಕಾರವನ್ನು ನನ್ನ ತರಗತಿಯಲ್ಲೂ ಕೇಳಿರಲಿಲ್ಲ. ನಗಲೆಂದೇ ಬಂದವರಿಗೆ ನಗು ಸಿಗಲಿಲ್ಲ. ವಕೀಲರು ಏನು ಮಾಡುವುದೆಂದು ತಿಳಿಯದೆ ನನ್ನ ಕಡೆ ನೋಡಿದರು. ಪುಸ್ತಕದಲ್ಲಿ ಮುಂದಿನ ಮಾತು "ಜಯಶಾಲಿಯಾಗು" ಎಂದಿತ್ತು. ನಾನು, ಪಾಪಿ, ಅದನ್ನು ಬಿಟ್ಟು ಮರೆಯಿಂದ ಬೇರೆಯದನ್ನು ಎತ್ತಿಕೊಟ್ಟೆ.

"ಏನಂದೆ? ಅರಸಿಯೇ? ಅರಸಿ ಯಾಕೋ ನಿನಗೆ?" ಎಂದು ವಕೀಲರು ಗುಡುಗಿದರು.

ಚಪ್ಪರ ಹಾರಿಹೋಗುವಂತೆ ಜನ ನಕ್ಕರು. ಅವನು ಮಂಡಿಯ ಮೇಲಿದ್ದೇ "ಹರಸಿ, ಹರಸಿ" ಎಂದು ಇನ್ನೆರಡು ಸಲ ಹೇಳಿದ. ನನಗೆ ಕೇಳಿಸಿತು, ಬೇರೆ ಯಾರಿಗೂ ಕೇಳಿಸಲಿಲ್ಲ. ದೃಶ್ಯ ಮುಗಿದಾಗ ಭಟನ ವೇಷದಲ್ಲೇ ಹೋಗಿ ಪರದೆ ಎಳೆದ.

ಮತ್ತೆ ಸಂಘದ ಕಡೆ ಬರಲಿಲ್ಲ. ಊರಿನ ವಾಟ್ಸಾಪ್ ಗುಂಪುಗಳಲ್ಲಿ ಇವತ್ತಿಗೂ ಓಡಾಡುವ ವಿಡಿಯೋ ವಕೀಲರ ಪ್ರಶ್ನೆಯಿಂದ ಶುರುವಾಗುತ್ತದೆ. ಯಾರ್ಡಿನಲ್ಲಿ ಅವನಿಗೆ ಅರಸಿ ಎಂದೇ ಹೆಸರು ಬಿತ್ತು.

ಕಳೆದ ವರ್ಷ ಸಂಘದ ಸ್ಮರಣ ಸಂಚಿಕೆಗೆ ಚರಿತ್ರೆ ಬರೆಯಲು ನನಗೇ ಹೇಳಿದರು. ಸುದ್ದಿ ತಿಳಿದು ಅವನ ಮಗಳು ನನ್ನ ಮನೆಗೆ ಬಂದಳು. ಒಳಗೆ ಬಾರಮ್ಮ ಎಂದರೂ ಬಾಗಿಲಲ್ಲೇ ನಿಂತಳು.

"ನಮ್ಮಪ್ಪ ಸರಿಯಾಗೇ ಹೇಳಿದ್ರು ಸರ್. ನಿಮಗೂ ಗೊತ್ತು. ಅದೊಂದು ಸಾಲು ಬರೀರಿ, ಸಾಕು."

ಬರೆಯುತ್ತೇನೆ ಎಂದೆ. ಬರೆದದ್ದು ಹೀಗೆ: "ಭಟನೊಬ್ಬನ ಬಾಯಿತಪ್ಪಿನಿಂದ ಸಭೆ ಬಿದ್ದು ಬಿದ್ದು ನಕ್ಕಿತು." ಅಧ್ಯಕ್ಷರಿಗೆ ಆ ಪ್ರಸಂಗ ಬೇಕೇ ಬೇಕಿತ್ತು. ನನಗೆ ಸಂಚಿಕೆ ಬಿಡುಗಡೆಯ ದಿನ ಹೊದಿಸುವ ಶಾಲು ಬೇಕಿತ್ತು. ಥೂ, ನನ್ನ ಜನ್ಮಕ್ಕೆ.

ಹೋದ ತಿಂಗಳು ತಡೆಯಲಾರದೆ ಅವನ ಮನೆಗೆ ಹೋದೆ. ಮಗಳು ನನ್ನನ್ನು ನೋಡಿ ಎದ್ದು ಒಳಗೆ ಹೋದಳು. ನಾನು ಎಲ್ಲವನ್ನೂ ಹೇಳಿದೆ. ಮಾತು ಬದಲಿಸಿದ್ದು, ಮರೆಯಿಂದ ಎತ್ತಿಕೊಟ್ಟದ್ದು, ಸಂಚಿಕೆಯಲ್ಲಿ ಬರೆದದ್ದು. ಅವತ್ತು ನೀನು ಹೇಳಿದ್ದು ಸರಿಯಾಗಿತ್ತಪ್ಪ ಎಂದೆ. ಅವನು ತಾಳ್ಮೆಯಿಂದ ಕೇಳಿದ. ಆಮೇಲೆ ನನ್ನನ್ನೇ ಸಮಾಧಾನ ಮಾಡಿದ.

"ಬಿಡ್ರಿ ಮೇಷ್ಟ್ರೇ. ಊರೆಲ್ಲ ಕೇಳೈತಿ, ಪುಸ್ತಕದಾಗೂ ಬಂದೈತಿ. ನಾನು ತಪ್ಪೇ ಏಳಿದ್ದು. ನಂಗೆ ಬೇಜಾರಾಗಬಾರ್ದು ಅಂತ ನನ್ನ ಮಗಳೂ ನಿಮ್ಮಂಗೇ ಸುಳ್ಳು ಏಳ್ತಾಳೆ."