ಸುರಂಗದಲ್ಲಿ ನಿಂತ ರೈಲು

ಹೊಳನಗದ್ದೆಯ ಗುರುದತ್ತ ನಾಯ್ಕರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಪ್ಲೈವುಡ್ ಹಲಗೆಯ ಮೇಲೆ ಪುಟಾಣಿ ರೈಲುಮಾರ್ಗ ಕಟ್ಟಿದರು. ಅದರಲ್ಲಿ ಶರಾವತಿ ಸೇತುವೆಯಿತ್ತು, ಥರ್ಮಕೋಲಿನ ಗುಡ್ಡವಿತ್ತು, ಗುಡ್ಡದೊಳಗೆ ಸುರಂಗವಿತ್ತು. ಅದಕ್ಕೆ ತಾವೇ ಜನರಲ್ ಮ್ಯಾನೇಜರ್ ಎಂದು ಹೇಳಿಕೊಳ್ಳುತ್ತಿದ್ದರು. ಅವರ ಕೈಕೆಳಗಿನ ನೌಕರವರ್ಗವೆಂದರೆ ಹೆಂಡತಿ ಮಾಲತಿ ಒಬ್ಬಳೇ. ಅವಳೂ ಕರೆದಾಗ ಬರುತ್ತಿರಲಿಲ್ಲ.

ಟೆಂಪೋದಲ್ಲಿ ಹೇರಿಕೊಂಡು ಅದನ್ನು ಹೊನ್ನಾವರದ ವಸ್ತುಪ್ರದರ್ಶನಕ್ಕೆ ಒಯ್ದರು. ಜನ ನೆರೆದಾಗ ರೈಲು ಗತ್ತಿನಿಂದ ಸುರಂಗ ಹೊಕ್ಕಿತು, ಹೊರಗೆ ಬರಲೇ ಇಲ್ಲ. ಗುರುದತ್ತರು ಸ್ವಿಚ್ಚು ಒತ್ತಿದರು, ಗುಡ್ಡ ತಟ್ಟಿದರು, ಕೊನೆಗೆ ಮೊಣಕೈವರೆಗೂ ಸುರಂಗದೊಳಗೆ ಕೈ ತೂರಿಸಿದರು.

"ಎಂತ ಆತು?" ಎಂದು ಕೇಳಿದಳು ಎದುರಿಗೆ ನಿಂತು ನೋಡುತ್ತಿದ್ದ ಕಾಸರಕೋಡಿನ ಗಂಗಿ.

"ಕ್ರಾಸಿಂಗ್," ಎಂದರು ಗುರುದತ್ತರು, ಮಾನ ಉಳಿಸಿಕೊಳ್ಳಲು. "ಎದುರಿಂದ ಇನ್ನೊಂದು ಗಾಡಿ ಬರ್ಬೇಕು."

ಯಾರೂ ನಗಲಿಲ್ಲ. "ಹಾಂಗಾದ್ರೆ ಖರೇ ರೈಲೇ ಇದು," ಎಂದು ಗಂಗಿ ಕುರ್ಚಿ ಎಳೆದು ಕೂತಳು. ಉಳಿದವರೂ ನಿಂತಲ್ಲೇ ತಮ್ಮ ತಮ್ಮ ರೈಲು ತಡವಾದ ಕಥೆ ಹೇಳತೊಡಗಿದರು. ಕಳಚಿದ್ದ ತಂತಿ ಗುರುದತ್ತರ ಬೆರಳಿಗೆ ಸಿಕ್ಕಿ ರೈಲು ಹೊರಬಂದಾಗ ಚಪ್ಪಾಳೆಯೇ ಬಿತ್ತು.

ಮುಂದೆ ಭಟ್ಕಳದ ಪ್ರದರ್ಶನದಲ್ಲಿ ರೈಲು ಒಮ್ಮೆಯೂ ಕೆಡಲಿಲ್ಲ. ಜನ ಒಂದು ಸುತ್ತು ನೋಡಿ ಪಕ್ಕದ ಗೋಬಿ ಅಂಗಡಿಗೆ ಹೋದರು. ಸಂಜೆಯಾಗುತ್ತಲೇ ಗುರುದತ್ತರು ಮೇಜಿನಡಿ ಕೈ ಹಾಕಿ ಸ್ವಿಚ್ಚು ಆರಿಸಿ, ಸುರಂಗದೊಳಗಿದ್ದ ರೈಲನ್ನು ಅಲ್ಲೇ ನಿಲ್ಲಿಸಿಬಿಟ್ಟರು.

"ಎಂತ ಮಾಡ್ತ್ರಿ ನೀವು?" ಎಂದಳು ಈ ಸಲ ಜೊತೆಗೆ ಬಂದಿದ್ದ ಮಾಲತಿ.

"ನಾ ಸರಿ ಮಾಡಿದ್ದು ಯಾರಿಗೂ ಬೇಡ ಮಾರಾಯ್ತಿ. ಕೆಟ್ಟು ನಿಂತ್ರೆ ನೋಡ್ತ್ರು."

ಮಾಲತಿ ನಕ್ಕು, ಕುರ್ಚಿ ಎಳೆದು, ತಾನೇ ಮೊದಲು ಎದುರಿನ ಗಾಡಿಗೆ ಕಾಯಲು ಕೂತಳು.