ಬ್ಯಾಟರಿಯ ಮಾತು ಕೇಳುವವರು

ಬನಹಟ್ಟಿಯ ಆ ಬ್ಯಾಟರಿ ರಿಪೇರಿಯವರು ಯಾವ ಬ್ಯಾಟರಿಯನ್ನೂ ಬಿಚ್ಚುವ ಮೊದಲು ಅದರ ಮೇಲೆ ಅಂಗೈ ಇಟ್ಟು, "ಮೊದಲ ಇದರ ಮಾತು ಕೇಳೂಣ್ರಿ" ಎನ್ನುತ್ತಿದ್ದರು.

ನಮ್ಮ ಸೋಲಾರ್ ಮಗ್ಗ ದಿನವೂ ಮಧ್ಯಾಹ್ನಕ್ಕೇ ನಿಲ್ಲತೊಡಗಿತ್ತು. ಮದುವೆಯ ಸೀರೆ ಅರ್ಧಕ್ಕೆ ನಿಂತಿತ್ತು. ಮನೆಯ ಮೊದಲ ಪದವೀಧರನಾದ ನಾನು, ಬ್ಯಾಟರಿ ಸತ್ತಿದೆ ಎಂದು ತೀರ್ಪು ಕೊಟ್ಟಿದ್ದೆ.

ಕರೆಸಿದಾಗ ಬಂದು ನಮ್ಮ ಬ್ಯಾಟರಿಯ ಮೇಲೂ ಅಂಗೈ ಇಟ್ಟ ಅವರು, "ಸತ್ತಿಲ್ಲರಿ, ಉಪವಾಸ ಐತಿ" ಎಂದು ಮಾಳಿಗೆ ಹತ್ತಿದರು. ಅಲ್ಲಿ ಸೋಲಾರ್ ಪ್ಲೇಟುಗಳ ತುಂಬ ಅವ್ವ ಗಂಜಿ ಹಾಕಿದ ನೂಲಿನ ಲಡಿಗಳನ್ನು ಹರವಿದ್ದಳು.

"ಹಂಚಿನಂಗ ಕಾದಿರ್ತಾವ ಯಪ್ಪಾ, ಲಗೂ ಒಣಗತಾವ" ಎಂದಳು ಅವ್ವ.

"ಖರೆ ಯವ್ವಾ. ಆದರ ಬಿಸಲೆಲ್ಲಾ ನೂಲಽ ಉಂಡರ ಮಗ್ಗಕ್ಕೇನು ಉಳೀತು?"

ನಗುತ್ತಲೇ ಅವರು ಎಳೆ ಸಿಕ್ಕಾಗದಂತೆ ಒಂದೊಂದೇ ಲಡಿ ಎತ್ತಿ ಹಗ್ಗಕ್ಕೆ ಹಾಕಿದರು.

ಮರುದಿನ ಮಗ್ಗ ಸಂಜೆಯವರೆಗೂ ನಡೆಯಿತು. ಸೀರೆ ಇಳಿಸುತ್ತ ಅವ್ವ ಕೇಳಿದಳು, "ಇಷ್ಟು ವರ್ಷ ಸಾಲಿ ಕಲ್ತಿ, ಒಮ್ಮೆ ಮಾಳಗಿ ಹತ್ತಿ ನೋಡಾಕ ಏನಾಗಿತ್ತಲೇ?"