ನಂಜನಗೂಡಿನಿಂದ ನರಸೀಪುರಕ್ಕೆ, ತುಂಡು ಬ್ರಾಕೆಟ್ ಹಿಡಿದು

ಬೆಳಗ್ಗೆ ಏಳೂವರೆಯ ಬಸ್ಸಿಗೆ ಮೈಸೂರು ಬಿಟ್ಟೆ, ಗೊಣಗುತ್ತಲೇ. ನಮ್ಮ ನಂಜನಗೂಡಿನ ಕಾರ್ಖಾನೆಯ ಫಿಟ್ಟರ್ ಶಿವಣ್ಣ ವಾರದಿಂದ ಫೋನ್ ಮಾಡುತ್ತಿದ್ದ: "ಆಸಿಡ್ ಲೈನಿನ ಬ್ರಾಕೆಟ್ಟು ಒಂದ್ಸಲ ಬಂದು ನೋಡಿ ಸಾ." ಆಸಿಡ್ ಪೈಪನ್ನು ಹೊತ್ತು ನಿಂತ ಕಬ್ಬಿಣದ ಬ್ರಾಕೆಟ್ಟುಗಳವು, ನೋಡುವುದೇನು? ಪ್ರತಿ ಆಯುಧಪೂಜೆಗೂ ಹಸಿರು ಬಣ್ಣ ಹೊಡೆದು, ಕುಂಕುಮ ಇಟ್ಟು, ಮಂಗಳಾರತಿ ಎತ್ತುತ್ತೇವೆ. ಹೋದ ಸಲ ತಪಾಸಣೆಯ ಪುಸ್ತಕದಲ್ಲಿ 'ಸುಸ್ಥಿತಿಯಲ್ಲಿದೆ' ಎಂದು ಸಹಿ ಹಾಕಿದ ಇಂಜಿನಿಯರ್ ನಾನೇ.

ಕಾರ್ಖಾನೆ ತಲುಪಿದ ಕೂಡಲೇ ಶಿವಣ್ಣ ಒಂದು ಬ್ರಾಕೆಟ್ಟನ್ನು ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದ. ಬಣ್ಣ ಹಪ್ಪಳದಂತೆ ಮುರಿದು, ಒಳಗಿಂದ ತುಕ್ಕಿನ ಪುಡಿ ಸುರಿಯಿತು.

"ಬಣ್ಣವೇ ಪೈಪ್ ಇಡ್ಕಂಡಿರಾದು ಸಾ. ಕಬ್ಬುಣ ಎಲ್ಲೈತೆ?"

ನಾಲ್ಕು ಹೆಜ್ಜೆ ಆಚೆ, ಅದೇ ಪೈಪಿನ ಕೆಳಗೆ, ನೆರಳಲ್ಲಿ, ಕಸ ಗುಡಿಸುವ ಹೆಮ್ಮರಗಾಲದ ಮಹದೇವಮ್ಮ ರೊಟ್ಟಿಯ ಗಂಟು ಬಿಚ್ಚಿಕೊಂಡು ಕೂತಿದ್ದರು. ದಿನಾ ಅಲ್ಲೇ ಊಟವಂತೆ. ನನಗೆ ನಾಚಿಕೆಯಾಯಿತು. ಅವರನ್ನು ಎಬ್ಬಿಸಿ, ಲೈನ್ ನಿಲ್ಲಿಸಿ, ಸುತ್ತ ಹಗ್ಗ ಕಟ್ಟಿಸಿದೆ.

ಸ್ಟೈನ್‌ಲೆಸ್ ಸ್ಟೀಲ್ ಹಾಕೋಣವೆಂದರೆ, ಶಿವಣ್ಣ ಪಂಪಿನ ಹತ್ತಿರ ಹಾಕಿ ನೋಡಿದ್ದ ಅದೇ ಸ್ಟೀಲಿನ ಕ್ಲಾಂಪ್ ತಂದ. ಆಸಿಡ್ಡಿನ ಹಬೆಗೆ ಅದೂ ಹುಳ ಹೊಡೆದ ಅವರೆಕಾಯಿಯಂತೆ ತೂತು ತೂತಾಗಿತ್ತು. ಉಳಿದದ್ದು ಫೈಬರ್, ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಗಟ್ಟಿ ಮಾಡಿದ್ದು.

ಶಿವಣ್ಣ ಮುರಿದುಕೊಟ್ಟ ಬ್ರಾಕೆಟ್ಟಿನ ತುಂಡನ್ನು ಮಾದರಿಗೆಂದು ಪೇಪರಿನಲ್ಲಿ ಸುತ್ತಿಕೊಂಡು ನರಸೀಪುರದ ಬಸ್ಸು ಹತ್ತಿದೆ. ಒಂದು ಗಂಟೆಯ ದಾರಿ, ಅರ್ಧ ನಿಂತೇ ಹೋದೆ, ಸುಡು ಬಿಸಿಲು. ಸ್ಟ್ಯಾಂಡಿನಲ್ಲಿ ಎರಡು ವಡೆ, ಒಂದು ಟೀ. ಹೊಳೆಯ ಕಡೆಗೆ ಫೈಬರ್ ಹರಿಗೋಲು ಮಾಡುವ ಬಸವರಾಜಪ್ಪನವರ ಶೆಡ್ಡು. ಬ್ರಾಕೆಟ್ಟನ್ನೂ ಮಾಡುತ್ತಾರೆ. ಮೂರು ತಿಂಗಳಿಂದ ನಮ್ಮ ಲೈನಿನಂಥದೇ ಆಸಿಡ್ಡಿನಲ್ಲಿ ಮುಳುಗಿಸಿಟ್ಟಿದ್ದ ಫೈಬರ್ ಚೂರನ್ನು ಇಕ್ಕಳದಲ್ಲಿ ಎತ್ತಿ, ತೊಳೆದು ಕೊಟ್ಟರು. ಅಂಚು ಇನ್ನೂ ಚೂಪಾಗಿತ್ತು.

"ಕಬ್ಬಿಣದಷ್ಟು ಬಿಗಿ ಇರಲ್ಲ ಕಣ್ರೀ, ಸ್ವಲ್ಪ ಬಾಗುತ್ತೆ, ಹತ್ತಿರತ್ತಿರ ಹಾಕಿಸ್ಬೇಕು" ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅದಕ್ಕೇ ನಂಬಿಕೆ ಬಂತು. ಬಿಸಿಲು ತಡೆಯುವ ಮದ್ದು ರಾಳದಲ್ಲೇ ಸೇರಿಸುತ್ತಾರಂತೆ.

"ಮೇಲೆ ಯಾವ ಬಣ್ಣ ಕೊಡ್ಲಿ?"

"ಬಣ್ಣ ಬೇಡ. ಏನಾಗ್ತಿದೆ ಅಂತ ಕಣ್ಣಿಗೆ ಕಾಣಬೇಕು."

ಸಂಜೆ ನಂಜನಗೂಡು ಸ್ಟ್ಯಾಂಡಿನಲ್ಲಿ ಇಳಿದರೆ, ಮಹದೇವಮ್ಮ ಊರಿನ ಬಸ್ಸಿಗೆ ಕಾಯುತ್ತಿದ್ದರು.

"ನಾಳೆ ಅಲ್ಲೇ ಕೂತ್ಕಬೌದಾ ಸಾ?"

"ಬೇಡಮ್ಮ, ತಪ್ಪು ನಂದು. ಹೊಸದು ಹಾಕಿಸಿದ ಮೇಲೆ ಮೊದಲು ನಾನು ಅಲ್ಲಿ ಕೂತು ಉಣ್ತೀನಿ. ಆಮೇಲೆ ನೀವು."

ಅವರು ನನ್ನ ಕೈಯ ಪೇಪರ್ ಪೊಟ್ಟಣ ನೋಡಿದರು. ತುಕ್ಕು ಸೋರಿ ನನ್ನ ಅಂಗಿಯೆಲ್ಲ ಕೆಂಪಾಗಿತ್ತು.

"ಅಂಗಾರೆ ಅವತ್ತು ಎರಡು ರೊಟ್ಟಿ ಜಾಸ್ತಿ ತತ್ತೀನಿ ಬುಡಿ" ಎಂದರು.